ಕುರಿ ತಂಗಿದ ಹೊಲದ ಘಾಟು

ಸುಗ್ಗಿ ಮುಗಿದ ಬಳಿಕ ಕಪ್ಪತಗುಡ್ಡದ ಆಚೀಚೆ, ಮುಂಡರಗಿ ಶಿರಹಟ್ಟಿ ಸೀಮೆಯ ಎರೆಹೊಲಗಳಲ್ಲಿ ರೈತರು ಕುರಿಹಿಂಡನ್ನು ರಾತ್ರಿ ತಂಗಿಸುವರು. ಕುರಿಗಾರನಿಗೆ ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುವರು. ಬೆಳಗ್ಗೆ ಬದುವಿನಲ್ಲಿ ನಿಂತವರ ಮೂಗಿಗೆ ಘಾಟು ಅಡರುವುದು. ಪ್ರಯೋಗಶಾಲೆಯಲ್ಲಿ ಅಮೋನಿಯಾ ಸೀಸೆಯ ಬಿರಡೆ ತೆಗೆದ ವಿದ್ಯಾರ್ಥಿಗೆ ಈ ವಾಸನೆ ಪರಿಚಿತವೇ. ರೈತನು ಬೆಲೆ ತೆತ್ತು ಪಡೆದ ಸಾರಜನಕವು ಹಾರಿಹೋಗುತ್ತಿದೆ!

ಮೂತ್ರದಲ್ಲಿರುವ ಯೂರಿಯವನ್ನು ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಆಗಿಸುತ್ತದೆ. ಅಮೋನಿಯಂ ಧನವಿದ್ಯುತ್ತನ್ನು ಹೊತ್ತ ಅಯಾನು; ಋಣವಿದ್ಯುತ್ತುಳ್ಳ ಜೇಡಿಕಣಗಳು ಅದನ್ನು ಸೆಳೆದು ಹಿಡಿದಿಡಬಲ್ಲವು. ನನ್ನಂಥ ಭೌತವಿಜ್ಞಾನದ ಉಪಾಧ್ಯಾಯನಿಗೆ ಬಲು ಮೆಚ್ಚಿಕೆಯಾದ ಸಂಗತಿಯಿದು. ಎರೆಮಣ್ಣಿನಲ್ಲಿ ಜೇಡಿಗೇನೂ ಕೊರತೆಯಿಲ್ಲ. ಆದರೆ ಅದು ಸುಣ್ಣ ಬೆರೆತ ಕ್ಷಾರಮಣ್ಣು. ಪಿಎಚ್ ಸಾಮಾನ್ಯವಾಗಿ 8ನ್ನು ಮೀರಿರುತ್ತದೆ. ಕ್ಷಾರಗುಣ ಹೆಚ್ಚಿದಷ್ಟೂ ಅಮೋನಿಯಂ ಅನಿಲವಾಗಿ ಬಿಡುಗಡೆ ಹೊಂದುವುದು. ಬಿಸಿಲೂ ಗಾಳಿಯೂ ಅದಕ್ಕೆ ನೆರವಾಗುವುವು.

ಹಿಂಡು ಎದ್ದ ಕೂಡಲೆ ಕುಂಟೆ ಹೊಡೆದರೆ ಅನಿಲವು ನಾಲ್ಕು ಬೆರಳು ಮಣ್ಣನ್ನು ದಾಟಿಯೇ ಹೊರಬೀಳಬೇಕು. ದಾರಿಯಲ್ಲಿ ಜೇಡಿಗೂ ತೇವಕ್ಕೂ ಬಹುಪಾಲು ಸಿಕ್ಕಿಕೊಳ್ಳುವುದು. ಹೊಲವೆಲ್ಲ ಮುಗಿಯಲಿ, ಒಮ್ಮೆಗೇ ಕುಂಟೆ ಹೂಡೋಣವೆಂದು ವಾರಗಟ್ಟಲೆ ಕಾಯುವವರ ಪಾಲಿಗೆ ಉಳಿಯುವುದು ಹೆಚ್ಚಾಗಿ ಹಿಕ್ಕೆ ಮಾತ್ರ. ಅದರ ಸಾರಜನಕವು ಮೆಲ್ಲಗೆ ಕರಗುವಂಥದು, ಅಷ್ಟು ಬೇಗ ಓಡಿಹೋಗದು.