ಪಹಣಿಯ ಕೋಷ್ಟಕವನ್ನು ಪ್ರಶ್ನಿಸುವ ಬಗೆ

ಹುಣಸೂರು ತಾಲ್ಲೂಕಿನ ಗುರುಪುರದ ರೈತನೊಬ್ಬನು ಬೆಳೆಸಾಲಕ್ಕಾಗಿ ಬ್ಯಾಂಕಿಗೆ ಹೋದರೆ ಅಲ್ಲಿ ಪಹಣಿಯನ್ನು ಕೇಳುತ್ತಾರೆ. ಜಮೀನಿನ ಸರ್ವೆ ನಂಬರು, ಎಕರೆ-ಗುಂಟೆಗಳ ಲೆಕ್ಕದಲ್ಲಿ ವಿಸ್ತೀರ್ಣ, ೯ನೆಯ ಕಲಮಿನಲ್ಲಿ ಒಡೆಯನ ಹೆಸರು, ೧೧ನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಹಿಂದೆ ಗ್ರಾಮಲೆಕ್ಕಿಗರು ಇದನ್ನು ಕೈಯಿಂದ ಬರೆದು ಕೊಡುತ್ತಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇಂದು ಸರ್ವೆ ನಂಬರನ್ನು ತಿಳಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಪಹಣಿಯು ಅಚ್ಚಾಗಿ ಕೈಸೇರುತ್ತದೆ. ಇಂತಹ ವ್ಯವಸ್ಥೆಯಲ್ಲಿ ಕಂಪ್ಯೂಟರಿನೊಳಗೆ ನಡೆಯುವ ಕಾರ್ಯವೇನು?

ಕೋಷ್ಟಕಗಳ ಭಂಡಾರ

ಮಾಹಿತಿಯನ್ನು ಸಾಲು ಮತ್ತು ಕಲಮುಗಳುಳ್ಳ ಕೋಷ್ಟಕಗಳಾಗಿ ಜೋಡಿಸಿಡುವ ಭಂಡಾರಕ್ಕೆ ಸಂಬಂಧಾತ್ಮಕ ದತ್ತಸಂಚಯವೆಂದು ಹೆಸರು. ೧೯೭೦ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಇದರ ತತ್ತ್ವವನ್ನು ಪ್ರಕಟಿಸಿದನು. ಮಾಹಿತಿಯು ಯಂತ್ರದೊಳಗೆ ಎಲ್ಲಿ, ಹೇಗೆ ಅಡಗಿದೆ ಎಂಬುದನ್ನು ಕೇಳುವವನು ಅರಿತಿರಬೇಕಾಗಿಲ್ಲ ಎಂಬುದೇ ಆ ತತ್ತ್ವದ ತಿರುಳು. ಮುಂದೆ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಪ್ರಶ್ನೆ ಕೇಳುವುದಕ್ಕೆ ಒಂದು ಭಾಷೆಯನ್ನು ರಚಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ‘ಪಹಣಿ ಕೋಷ್ಟಕದಿಂದ, ಸರ್ವೆ ನಂಬರು ೪೫ ಆಗಿರುವ ಸಾಲಿನ ಹೆಸರು ಮತ್ತು ವಿಸ್ತೀರ್ಣಗಳನ್ನು ಆರಿಸು’ ಎಂಬುದು ಈ ಭಾಷೆಯ ವಾಕ್ಯದ ಸ್ವರೂಪ. ಬೇಕಾದುದು ಏನೆಂದು ಹೇಳಿದರೆ ಸಾಕು. ಹುಡುಕುವ ದಾರಿಯನ್ನು ದತ್ತಸಂಚಯವೇ ನಿರ್ಧರಿಸುತ್ತದೆ.

ಪ್ರೋಗ್ರಾಮಿನ ನಾಲ್ಕು ಹೆಜ್ಜೆಗಳು

ಪರದೆಯ ಮೇಲೆ ಕಾಣುವ ಪ್ರೋಗ್ರಾಮು ಬೇರೆ, ದತ್ತಸಂಚಯ ಬೇರೆ. ಇವೆರಡರ ನಡುವೆ ಡ್ರೈವರ್ ಎಂಬ ದುಭಾಷಿ ಇರುತ್ತದೆ. ಮೊದಲು ಪ್ರೋಗ್ರಾಮು ತನ್ನ ಹೆಸರು ಮತ್ತು ಗುಪ್ತಪದವನ್ನು ಒಪ್ಪಿಸಿ ಸಂಪರ್ಕವನ್ನು ಪಡೆಯುತ್ತದೆ. ಎರಡನೆಯದಾಗಿ ಪ್ರಶ್ನೆಯನ್ನು ಕಳುಹಿಸುತ್ತದೆ. ಮೂರನೆಯದಾಗಿ, ಲೆಕ್ಕದ ಪುಸ್ತಕದಲ್ಲಿ ಬೆರಳಿಟ್ಟು ಓದುವಂತೆ, ಉತ್ತರದ ಸಾಲುಗಳನ್ನು ಒಂದೊಂದಾಗಿ ಓದಿಕೊಳ್ಳುತ್ತದೆ. ಕೊನೆಗೆ ಸಂಪರ್ಕವನ್ನು ಬಿಟ್ಟುಕೊಡುತ್ತದೆ. ಬಿಡದಿದ್ದರೆ ಸಂಪರ್ಕಗಳೆಲ್ಲ ತುಂಬಿಹೋಗಿ, ಅನಂತರ ಬಂದವರು ಹೊರಗೆ ಕಾಯಬೇಕಾಗುತ್ತದೆ.

ಖಾಲಿ ಜಾಗದ ಅಪಾಯ

ಎರಡನೆಯ ಹೆಜ್ಜೆಯಲ್ಲಿ ಒಂದು ಗಂಡಾಂತರವಿದೆ. ಪ್ರಶ್ನೆಯ ವಾಕ್ಯದ ತುದಿಗೆ, ಜನರು ಒತ್ತಿದ ಅಕ್ಷರಗಳನ್ನು ಹಾಗೆಯೇ ಅಂಟಿಸುವಂತೆ ಪ್ರೋಗ್ರಾಮನ್ನು ಬರೆದಿದೆ ಎಂದುಕೊಳ್ಳೋಣ. ಕಿಡಿಗೇಡಿಯೊಬ್ಬನು ೪೫ ಎಂದಷ್ಟೇ ಒತ್ತದೆ, ‘೪೫ ಅಥವಾ ೧=೧’ ಎಂಬ ಅರ್ಥ ಬರುವಂತೆ ಆ ಭಾಷೆಯಲ್ಲಿ ಒತ್ತುತ್ತಾನೆ. ಒಂದಕ್ಕೆ ಒಂದು ಸಮವೆಂಬುದು ಎಲ್ಲ ಸಾಲುಗಳಿಗೂ ನಿಜವಷ್ಟೆ! ಕೋಷ್ಟಕವೆಲ್ಲವೂ ಅವನ ಕಣ್ಣೆದುರಿಗೆ ಬರುತ್ತದೆ. ಇದೇ ಉಪಾಯದಿಂದ ಕೆಲವು ವೇಳೆ ಒಡೆಯನ ಹೆಸರನ್ನು ತಿದ್ದಲೂಬಹುದು.

ಸಾಲಪತ್ರದಲ್ಲಿ ‘ನೂರು ರೂಪಾಯಿ ಮಾತ್ರ’ ಎಂದು ನಮ್ಮ ಹಿರಿಯರು ಬರೆಯುತ್ತಿದ್ದುದು ಇಂತಹ ಸೇರ್ಪಡೆಯನ್ನು ತಡೆಯುವುದಕ್ಕಾಗಿಯೇ. ಪ್ರೋಗ್ರಾಮಿನಲ್ಲಿ ಇದಕ್ಕೆ ಪರಿಹಾರವೇನೆಂದರೆ, ಪ್ರಶ್ನೆಯನ್ನೂ ಬೆಲೆಯನ್ನೂ ಬೇರೆಬೇರೆಯಾಗಿ ಕಳುಹಿಸುವುದು. ಸರ್ವೆ ನಂಬರಿನ ಸ್ಥಾನದಲ್ಲಿ ಒಂದು ಗುರುತನ್ನಷ್ಟೇ ಇಟ್ಟು ವಾಕ್ಯವನ್ನು ಮೊದಲೇ ಸಿದ್ಧಪಡಿಸುತ್ತಾರೆ. ಬೆಲೆಯು ಆಮೇಲೆ ಬರುತ್ತದೆ. ಆಗ ಒತ್ತಿದ್ದು ಏನೇ ಆಗಿದ್ದರೂ ಅದು ಬರಿಯ ಬೆಲೆಯೇ ಹೊರತು ಆಜ್ಞೆಯಾಗಲಾರದು. ಪಹಣಿಯನ್ನು ಅಚ್ಚುಮಾಡುವ ಪ್ರೋಗ್ರಾಮಿಗೆ ಓದುವ ಅಧಿಕಾರವನ್ನು ಮಾತ್ರ ಕೊಟ್ಟು, ತಿದ್ದುವ ಅಧಿಕಾರವನ್ನು ಕೊಡದಿರುವುದು ಇನ್ನೊಂದು ಎಚ್ಚರಿಕೆ.

ಪೂರ್ತಿ, ಇಲ್ಲವೆ ಶೂನ್ಯ

ತಿದ್ದಲೇಬೇಕಾದ ಸಂದರ್ಭಗಳೂ ಉಂಟು. ೩ ಎಕರೆಯ ಒಡೆಯನು ೧ ಎಕರೆ ೧೦ ಗುಂಟೆಯನ್ನು ಮಾರಿದನೆನ್ನೋಣ. ಅವನ ಸಾಲಿನಲ್ಲಿ ೧ ಎಕರೆ ೩೦ ಗುಂಟೆ ಉಳಿಯಬೇಕು. ಕೊಂಡವನಿಗೆ ಹೊಸ ಸಾಲು ಹುಟ್ಟಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮುನ್ನ ವಿದ್ಯುತ್ತು ನಿಂತರೆ, ೫೦ ಗುಂಟೆ ನೆಲವು ದಾಖಲೆಯಿಂದ ಮಾಯವಾಗುತ್ತದೆ! ಆದುದರಿಂದ ಎರಡನ್ನೂ ಒಂದೇ ವ್ಯವಹಾರವಾಗಿ ಕಟ್ಟುತ್ತಾರೆ. ಎರಡೂ ಸರಿಯಾಗಿ ಮುಗಿದಾಗ ಪ್ರೋಗ್ರಾಮು ‘ಸ್ಥಿರಪಡಿಸು’ ಎಂದು ಆಜ್ಞಾಪಿಸುತ್ತದೆ. ಅಲ್ಲಿಯವರೆಗೆ ಯಾವುದೂ ಸ್ಥಿರವಲ್ಲ. ನಡುವೆ ತೊಡಕಾದರೆ ದತ್ತಸಂಚಯವು ಹಿಂದಿನ ಸ್ಥಿತಿಗೇ ಮರಳುತ್ತದೆ.

ಇದನ್ನು ಕಲಿಯಲಿಚ್ಛಿಸುವ ವಿದ್ಯಾರ್ಥಿಗೆ ಎಸ್‌ಕ್ಯೂಲೈಟ್ ಎಂಬ ಉಚಿತ ದತ್ತಸಂಚಯವೂ ಪೈಥಾನ್ ಭಾಷೆಯೂ ಸಾಕು. ತನ್ನ ಮನೆಯ ಹೊಲಗದ್ದೆಗಳ ಕೋಷ್ಟಕವನ್ನೇ ರಚಿಸಿ ಪ್ರಶ್ನಿಸಬಹುದು. ಆದರೆ ಮೊದಲ ದಿನದಿಂದಲೇ ಬೆಲೆಯನ್ನು ಪ್ರಶ್ನೆಯಿಂದ ಬೇರೆಯಾಗಿಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಮುಂದೊಂದು ದಿನ ಅವನೋ ಅವಳೋ ಬರೆಯುವ ಪ್ರೋಗ್ರಾಮಿನ ಆಚೆ ತುದಿಯಲ್ಲಿ ಯಾರದೋ ಜಮೀನಿನ ಹಕ್ಕು ಇದ್ದೀತು.