ಹಳದಿ ದೀಪ ಹೊತ್ತಿದರೆ ಮೊದಲು ಕೇಳಿ: ಕೋಡ್ ಯಾವುದು?

ಯುಗಾದಿಗೋ ದಸರೆಗೋ ಹದಿನೈದು ದಿನ ಇದೆ ಎನ್ನುವಾಗ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಬೆಂಗಳೂರು ಬಸ್ಸಿನ ಟಿಕೆಟ್ ಯಾರಾದರೂ ರದ್ದು ಮಾಡುತ್ತಿದ್ದೀರಾ ಎಂಬುದು ಒಂದು. ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿದೆ, ಹಾಗೇ ಊರಿಗೆ ಓಡಿಸಬಹುದಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದು ನನ್ನ ಹೊಟ್ಟೆಪಾಡಿನ ವಿಷಯ. ಪೆರುಂಗುಡಿಯ ಕಚೇರಿಯೊಂದರಲ್ಲಿ ಕುಳಿತು ಕಾರಿನ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ, ಅಂದರೆ ಇಸಿಯುವಿನ, ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಆ ದೀಪ ಯಾವಾಗ ಹೊತ್ತಬೇಕು, ಯಾವಾಗ ಹೊತ್ತಬಾರದು ಎಂದು ನೋಡುವುದರಲ್ಲೇ ನನ್ನ ದಿನ ಕಳೆಯುತ್ತದೆ.

ಹುಬ್ಬಳ್ಳಿಯ ಗೆಳೆಯರೊಬ್ಬರಿಗೆ ಹೀಗೇ ಆಯಿತು. ಆರು ವರ್ಷದ ಪೆಟ್ರೋಲ್ ಕಾರು, ಓಡಿದ್ದು 41 ಸಾವಿರ ಕಿಲೋಮೀಟರ್. ದೀಪ ಹೊತ್ತಿತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ, ‘ಟೈಮಿಂಗ್ ಚೈನ್ ಹೋಗಿದೆ, ಪೂರ್ತಿ ಸೆಟ್ ಬದಲಿಸಬೇಕು’ ಎಂದರು. ಎಂಜಿನ್ ಅರ್ಧ ಬಿಚ್ಚುವ ಕೆಲಸ, ಒಂದು ತಿಂಗಳ ಮನೆ ಬಾಡಿಗೆಯನ್ನು ಮೀರುವ ಖರ್ಚು. ಊರಿನಲ್ಲಾದರೆ ಅಪ್ಪನ ಕಾಲದಿಂದ ಗೊತ್ತಿರುವ ಮಿಸ್ತ್ರಿಯನ್ನು ಕೇಳಬಹುದಿತ್ತು. ಇಲ್ಲಿ ಭಾಷೆಯೂ ಅರ್ಧ, ಪರಿಚಯವೂ ಅರ್ಧ. ಅವರು ಕೇಳಿದ್ದು ನನ್ನನ್ನು. ‘ಕೋಡ್ ಯಾವುದು?’ ಎಂದೆ. ಅವರಿಗೆ ಗೊತ್ತಿರಲಿಲ್ಲ, ಗ್ಯಾರೇಜಿನವರು ಹೇಳಿರಲೂ ಇಲ್ಲ.

ಕೋಡಿನ ಮಾತಿಗೆ ಮುಂಚೆ ಟೈಮಿಂಗ್ ಎಂದರೇನು ಎಂದು ನೋಡೋಣ. ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಇರುತ್ತದೆ, ಪಿಸ್ಟನ್‌ಗಳು ಅದಕ್ಕೆ ಜೋಡಿಕೊಂಡಿರುತ್ತವೆ. ಮೇಲ್ಭಾಗದಲ್ಲಿ ಕ್ಯಾಮ್‌ಶಾಫ್ಟ್, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳನ್ನು ತೆರೆಯುವುದು ಅದೇ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪದಂತೆ ಎರಡನ್ನೂ ಕಟ್ಟಿ ಹಾಕಿರುವುದು ಒಂದು ಬೆಲ್ಟು ಅಥವಾ ಚೈನು. ಹಳೆಯ ಮಾರುತಿ 800ರಲ್ಲಿ ಇದ್ದದ್ದು ಹಲ್ಲುಗಳುಳ್ಳ ರಬ್ಬರ್ ಬೆಲ್ಟು. ಮಾರುತಿ, ಫಿಯಟ್, ಟಾಟಾ ಕಾರುಗಳಲ್ಲಿ ಓಡಿದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಚೈನು.

ಬೆಲ್ಟು ಮುನ್ಸೂಚನೆ ಕೊಡದೆ ತುಂಡಾಗಬಹುದು. ಅದಕ್ಕೇ ಕಂಪನಿಯ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ಚೈನು ಸಾಮಾನ್ಯವಾಗಿ ಸದ್ದು ಮಾಡಿ ಹೇಳುತ್ತದೆ. ಚೈನು ‘ಉದ್ದವಾಗಿದೆ’ ಎನ್ನುತ್ತಾರಲ್ಲ, ನಿಜವಾಗಿ ಸವೆಯುವುದು ಕೊಂಡಿಗಳ ನಡುವಿನ ಪಿನ್ನು, ಬುಷ್ಷು. ಎಲ್ಲ ಕೊಂಡಿಗಳ ಸವೆತ ಸೇರಿ ಚೈನು ಸಡಿಲವಾಗುತ್ತದೆ. ತಾಳ ಪೂರ್ತಿ ತಪ್ಪಿದರೆ ಮೇಲೇರುವ ಪಿಸ್ಟನ್ ತೆರೆದ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಇಂದಿನ ಬಹಳಷ್ಟು ಎಂಜಿನ್‌ಗಳಲ್ಲಿ ಈ ಅಪಾಯ ಇದ್ದೇ ಇದೆ. ಹಾಗಾಗಿ ಟೈಮಿಂಗ್ ಎಂಬ ಮಾತು ಕೇಳಿದ ಕೂಡಲೇ ಮಾಲೀಕರು ಹೆದರುವುದು ತಪ್ಪಲ್ಲ.

ಗೆಳೆಯರ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಸಾಕೆಟ್ ಇದೆ. ನಮ್ಮ ದೇಶದಲ್ಲಿ ಒಬಿಡಿ-2 ಎಂಬ ಈ ಸ್ವಯಂತಪಾಸಣೆಯ ವ್ಯವಸ್ಥೆ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಬಂತು. ನನ್ನ ಬ್ಲೂಟೂತ್ ರೀಡರ್ ಹಚ್ಚಿ ಓದಿದೆವು: ಪಿ 0016. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಚೈನು ಹೋಗಿದೆ ಎಂದು ಅದು ಹೇಳುವುದೇ ಇಲ್ಲ. ಇಸಿಯುಗೆ ಚೈನು ಕಾಣುವುದಿಲ್ಲ. ಅದಕ್ಕೆ ಕಾಣುವುದು ಎರಡು ಸೆನ್ಸರ್‌ಗಳಿಂದ ಬರುವ ವಿದ್ಯುತ್ ಸಂಕೇತ ಮಾತ್ರ. ಆ ಸಂಕೇತ ತಾಳೆಯಾಗದಿರಲು ಚೈನು ಸಡಿಲವಾಗಿರಬಹುದು, ಸೆನ್ಸರ್ ಕೆಟ್ಟಿರಬಹುದು, ಕನೆಕ್ಟರ್ ತುಕ್ಕು ಹಿಡಿದಿರಬಹುದು. ವಾಲ್ವ್ ತೆರೆಯುವ ಹೊತ್ತನ್ನು ವೇಗಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವ ವಿವಿಟಿ ಇರುವ ಕಾರಿನಲ್ಲಿ ಆಯಿಲ್ ಕೊಳೆಯಾಗಿಯೂ ಹೀಗಾಗುತ್ತದೆ. ಏಕೆಂದರೆ ಕ್ಯಾಮನ್ನು ಹಾಗೆ ಸರಿಸುವುದು ಆಯಿಲ್ಲಿನ ಒತ್ತಡವೇ.

ಕೋಡ್ ಜೊತೆಗೆ ಇಸಿಯು ಆ ಕ್ಷಣದ ಚಿತ್ರವನ್ನೂ ಉಳಿಸಿಕೊಂಡಿರುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಗೆಳೆಯರ ಕಾರಿನಲ್ಲಿ ಕೋಡ್ ಬಂದದ್ದು ಎಂಜಿನ್ ಚೆನ್ನಾಗಿ ಕಾದು, ಕಾರು ನಿಂತಲ್ಲೇ ನಿಂತಿದ್ದಾಗ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಸದ್ದೇನೂ ಇರಲಿಲ್ಲ. ಆಯಿಲ್ ಬದಲಿಸಿ ಹದಿನಾಲ್ಕು ತಿಂಗಳಾಗಿತ್ತು. ‘ಐದು ಸಾವಿರ ಕಿಲೋಮೀಟರೂ ಓಡಿಲ್ಲ’ ಎಂಬುದು ಅವರ ಸಮರ್ಥನೆ. ಬೇರೆ ಮೆಕ್ಯಾನಿಕ್ ಒಬ್ಬರು ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ ತೋರಿಸಿದರು. ಅದರ ಜಾಲರಿಯಲ್ಲಿ ಕಪ್ಪು ಜಿಡ್ಡು ಕಟ್ಟಿಕೊಂಡಿತ್ತು. ವಾಲ್ವ್ ತೊಳೆದು, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆ ಕೋಡ್ ಮತ್ತೆ ಬರಲಿಲ್ಲ.

ಹಾಗೆಂದು ಪಿ 0016 ಬಂದವರೆಲ್ಲ ಆಯಿಲ್ ಬದಲಿಸಿ ನಿಶ್ಚಿಂತರಾಗುವಂತಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಮಂಗಳೂರಿನವರ ಕಾರಿಗೂ ಇದೇ ಕೋಡ್ ಬಂದಿತ್ತು. ಅಲ್ಲಿ ಬೆಳಗಿನ ಸ್ಟಾರ್ಟಿಗೆ ಮೂರು ನಾಲ್ಕು ಸೆಕೆಂಡು ಗರಗರ ಸದ್ದು ಬರುತ್ತಿತ್ತು. ಆಯಿಲ್ ಬದಲಿಸಿದ ಮೇಲೂ ಕೋಡ್ ಮರಳಿತು. ಎರಡು ಸೆನ್ಸರ್‌ಗಳ ಸಂಕೇತವನ್ನು ಆಸಿಲೋಸ್ಕೋಪಿನಲ್ಲಿ ಒಟ್ಟಿಗೆ ನೋಡಿದಾಗ ಅಲೆಗಳು ಸ್ವಚ್ಛವಾಗಿದ್ದವು, ಆದರೆ ಇರಬೇಕಾದ ಜಾಗದಿಂದ ಸರಿದಿದ್ದವು. ಕವರ್ ಬಿಚ್ಚಿದರೆ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ತನ್ನ ಕೊನೆಯವರೆಗೆ ಚಾಚಿಕೊಂಡಿತ್ತು. ಅವರು ಚೈನು, ಟೆನ್ಷನರ್, ಗೈಡುಗಳನ್ನೆಲ್ಲ ಬದಲಿಸಿದರು. ಅಲ್ಲಿ ಆ ದುಡ್ಡು ಖರ್ಚು ಮಾಡಲೇಬೇಕಿತ್ತು.

ಎರಡೂ ಕಾರಿಗೆ ಒಂದೇ ಕೋಡ್, ಕಾಯಿಲೆ ಬೇರೆ. ಜ್ವರ ಬಂತು ಎಂದ ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದಲ್ಲ, ಹಾಗೆ. ಆದ್ದರಿಂದ ಗ್ಯಾರೇಜಿನಲ್ಲಿ ಒಂದು ಕ್ರಮ ಕೇಳಿ. ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ ಬರೆದುಕೊಳ್ಳಿ, ಅಳಿಸುವುದು ಆಮೇಲೆ. ಕೋಡ್ ಅಳಿಸಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಬಳಿಕ ಆಯಿಲ್ ನೋಡಲಿ, ವಯರು ಕನೆಕ್ಟರ್ ನೋಡಲಿ, ಸೆನ್ಸರ್ ಪರೀಕ್ಷಿಸಲಿ. ಎಂಜಿನ್ ಬಿಚ್ಚುವುದು ಕೊನೆಗೆ. ತಮಿಳು ಬಾರದಿದ್ದರೂ ‘ಕೋಡ್ ಎನ್ನ?’ ಎಂಬ ಎರಡು ಪದ ಸಾಕು. ಬೆಳಗಿನ ಸದ್ದನ್ನು ವಿವರಿಸಲು ‘ಸತ್ತಂ ವರುದು’ ಎಂದರೆ ಆಯಿತು. ನಾನು ಕಂಡ ಒಳ್ಳೆಯ ಮೆಕ್ಯಾನಿಕ್‌ಗಳು ಇಂಥ ಪ್ರಶ್ನೆಗೆ ಸಿಟ್ಟಾಗಲಿಲ್ಲ, ಹತ್ತಿರ ಕರೆದು ತೋರಿಸಿದರು.

ಪೆರುಂಗುಡಿಯಲ್ಲಿ ಕಾರಿಟ್ಟುಕೊಂಡವರಿಗೆ ಇನ್ನೆರಡು ಮಾತು. ಓಎಂಆರ್‌ನಲ್ಲಿ ಮೆಟ್ರೊ ಕಾಮಗಾರಿಯ ನಡುವೆ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಿಲೋಮೀಟರ್ ಏರುವುದಿಲ್ಲ, ಎಂಜಿನ್ ಮಾತ್ರ ದುಡಿಯುತ್ತಲೇ ಇರುತ್ತದೆ. ಆದ್ದರಿಂದ ಆಯಿಲ್ ಬದಲಿಸಲು ಕಿಲೋಮೀಟರ್ ಒಂದನ್ನೇ ನೋಡಬೇಡಿ, ಕೈಪಿಡಿಯಲ್ಲಿ ಹೇಳಿದ ತಿಂಗಳನ್ನೂ ಲೆಕ್ಕ ಹಿಡಿಯಿರಿ. ಎರಡನೆಯದು ನೀರು. ಒಂದು ಕಡೆ ಪಳ್ಳಿಕರಣೈ ಜೌಗು, ಇನ್ನೊಂದು ಕಡೆ ಸಮುದ್ರ. 2015ರ ಡಿಸೆಂಬರ್ ಪ್ರವಾಹದಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಈ ಭಾಗ ಮುಳುಗಿದ್ದನ್ನು ಇಲ್ಲಿದ್ದವರು ಮರೆತಿಲ್ಲ. ಕಾರು ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಇಳಿದು ತಿಂಗಳುಗಳಾದ ಮೇಲೆ ಸೆನ್ಸರ್ ಕೋಡ್ ಬಂದರೆ ಮೊದಲು ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿಸಿ.

ಇನ್ನು, ಊರಿಗೆ ಓಡಿಸಬಹುದಾ? ಹಳದಿ ದೀಪ ನಿಂತು ಉರಿಯುತ್ತಿದ್ದು, ಸದ್ದಿಲ್ಲದೆ, ಎಳೆತ ಕುಗ್ಗದೆ ಇದ್ದರೆ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ಟೈಮಿಂಗ್ ಕೋಡ್ ಇಟ್ಟುಕೊಂಡು 350 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಡಬೇಡಿ. ಪೆಟ್ರೋಲ್ ಕಾರಿನಲ್ಲಿ ದೀಪ ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ, ಆಂಬೂರಿನಲ್ಲಿದ್ದರೂ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಕೆಂಪು ಆಯಿಲ್ ಡಬ್ಬಿಯ ದೀಪ ಹೊತ್ತಿದರಂತೂ ಕಾರನ್ನು ಬದಿಗೆ ತಂದು ಎಂಜಿನ್ ಆರಿಸಲೇಬೇಕು. ಹುಬ್ಬಳ್ಳಿಯ ಗೆಳೆಯರು ಆ ಸಲ ಹಬ್ಬಕ್ಕೆ ಬಸ್ಸಿನಲ್ಲೇ ಹೋದರು, ಕಾರು ಇನ್ನೂ ಪರೀಕ್ಷೆಯಲ್ಲಿತ್ತು. ಮುಂದಿನ ತಿಂಗಳು ಕಾರಿನಲ್ಲೇ ಹೋಗಿ ಅವ್ವನನ್ನು ಕರೆದುಕೊಂಡು ಬಂದರು. ಅವರ ಗ್ಲೋವ್ ಬಾಕ್ಸಿನಲ್ಲಿ ಈಗ ಒಂದು ಚಿಕ್ಕ ಪುಸ್ತಕವಿದೆ. ಆಯಿಲ್ ಬದಲಿಸಿದ ದಿನಾಂಕ, ಬಂದ ಕೋಡ್, ಮಾಡಿಸಿದ ಕೆಲಸ ಎಲ್ಲ ಅದರಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ.