ನಲವತ್ತೇಳು ಗೋಲು, ಎರಡೇ ಅಂಕ

1949ರ ಫೆಬ್ರುವರಿ 12. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ದಿನ. ಅಂದು ಆಡಿದ ಕೆನಡಾ ಮತ್ತು ಡೆನ್ಮಾರ್ಕ್ ಪಂದ್ಯದ ಫಲಿತಾಂಶ 47–0.

ಐಸ್ ಹಾಕಿ ಅರವತ್ತು ನಿಮಿಷದ ಆಟ. ಇಪ್ಪತ್ತು ನಿಮಿಷದ ಮೂರು ಅವಧಿಗಳು. ಕೆನಡಾ ಮೊದಲ ಅವಧಿಯಲ್ಲಿ 13, ಎರಡನೆಯದರಲ್ಲಿ 16, ಮೂರನೆಯದರಲ್ಲಿ 18 ಗೋಲು ಹೊಡೆಯಿತು. ಸರಾಸರಿ ತೆಗೆದರೆ 77 ಸೆಕೆಂಡಿಗೊಂದು. ಕೊನೆಯ ಅವಧಿಯಲ್ಲಂತೂ 67 ಸೆಕೆಂಡಿಗೊಂದು. ಪ್ರತಿ ಗೋಲಾದ ಮೇಲೂ ಎಲ್ಲರೂ ಅಂಗಳದ ನಡುವಿಗೆ ಮರಳಿ ಆಟ ಹೊಸದಾಗಿ ಶುರುಮಾಡಬೇಕು. ಡೆನ್ಮಾರ್ಕಿನವರು ಹಾಗೆ ನಲವತ್ತೇಳು ಸಲ ನಡೆದುಬಂದು ನಿಂತರು. ನನ್ನನ್ನು ಬೆರಗುಗೊಳಿಸುವುದು 47 ಎಂಬ ಮೊತ್ತಕ್ಕಿಂತ 13, 16, 18 ಎಂಬ ಆ ಏರಿಕೆ. ಗೆಲುವು ಖಚಿತವಾದ ಮೇಲೂ ಕೆನಡಾ ಕೈ ಸಡಿಲಿಸಲೇ ಇಲ್ಲ.

ಇಷ್ಟೆಲ್ಲ ನಡೆಯುವ ಜಾಗವಾದರೂ ಎಷ್ಟು? ಅಂಗಳ ಸುಮಾರು 60 ಮೀಟರ್ ಉದ್ದ, 30 ಮೀಟರ್ ಅಗಲ. ಸಿಂಧನೂರು, ಮಸ್ಕಿ ಕಡೆ ಹೊಲ ಅಳೆಯುವ ಲೆಕ್ಕದಲ್ಲಿ ಹದಿನೆಂಟು ಗುಂಟೆ. ಅರ್ಧ ಎಕರೆಯೂ ಇಲ್ಲ. ಅದರ ಮೇಲೆ ಮೂರು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಹಾಸಲು ಸುಮಾರು ಐವತ್ತು ಸಾವಿರ ಲೀಟರ್ ನೀರು ಬೇಕು, ಐದು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಬರಬೇಕು. ಅಷ್ಟೇ ಜಾಗದಲ್ಲಿ ಹನ್ನೆರಡು ಜನ ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಓಡುತ್ತಾರೆ. ಚೆಂಡಿನ ಬದಲು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ, ತೂಕ ಸುಮಾರು 160 ಗ್ರಾಂ. ಅದನ್ನು ನುಗ್ಗಿಸಬೇಕಾದ ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ.

ಆ ಫೆಬ್ರುವರಿಗೆ ರಾಯಚೂರು ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಗಿ ಐದೇ ತಿಂಗಳು. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿಗೆ ಇನ್ನೂ ಬಂದಿರಲಿಲ್ಲ. ದೇಶಕ್ಕೆ ಹಾಕಿ ಎಂದರೆ ಹುಲ್ಲಿನ ಮೇಲಿನ ಹಾಕಿ. 1948ರ ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರಿಟನ್ನನ್ನು 4–0ಯಿಂದ ಸೋಲಿಸಿದ ಸಂಭ್ರಮ ಹಸಿಯಾಗಿತ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೇಲೆ ನಮ್ಮವರು ಹೊಡೆದ 24–1 ನಮಗೆ ದಂತಕಥೆ. ರೂಪ್ ಸಿಂಗ್ ಒಬ್ಬರದೇ ಹತ್ತು, ಧ್ಯಾನ್‌ಚಂದ್ ಅವರದು ಎಂಟು. ಅದೂ ಎಪ್ಪತ್ತು ನಿಮಿಷದಲ್ಲಿ, ಮೂರು ನಿಮಿಷಕ್ಕೊಂದರಂತೆ. ಸ್ಟಾಕ್‌ಹೋಮ್‌ನಲ್ಲಿ ಗೋಲು ಬಿದ್ದದ್ದು ಅದರ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ.

ಕೆನಡಾ ಕಳಿಸಿದ್ದು ದೇಶದ ಆಯ್ದ ತಂಡವನ್ನಲ್ಲ, ಸಡ್ಬರಿ ವುಲ್ವ್ಸ್ ಎಂಬ ಹವ್ಯಾಸಿ ಕ್ಲಬ್ಬನ್ನು. ಸಡ್ಬರಿ ನಿಕ್ಕಲ್ ಗಣಿಗಳ ಊರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುವವರನ್ನು ಬಲ್ಲವರಿಗೆ ಅಂಥ ಊರಿನ ಹುಡುಗರ ಕಸುವು ಅರ್ಥವಾದೀತು.

ಆದರೆ ಗೆಲುವಿಗೆ ಸಿಗುತ್ತಿದ್ದುದು ಎರಡೇ ಅಂಕ. 1–0 ಗೆದ್ದರೂ ಎರಡು, 47–0 ಗೆದ್ದರೂ ಎರಡು. ಆರು ತಂಡಗಳ ಅಂತಿಮ ಸುತ್ತಿನಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು. ಅಲ್ಲಿ ಕೆನಡಾ ಜೆಕೊಸ್ಲೊವಾಕಿಯಾಕ್ಕೆ 3–2ರಿಂದ ಸೋತಿತು. ಚಿನ್ನ ಜೆಕ್ಕರ ಪಾಲಾಯಿತು, ಕೆನಡಾಕ್ಕೆ ಬೆಳ್ಳಿ.

ಆ ಜೆಕ್ ತಂಡದ ಲೆಕ್ಕವೇ ಬೇರೆ. 1948ರ ನವೆಂಬರ್ 8ರಂದು ಪ್ಯಾರಿಸ್‌ನಿಂದ ಲಂಡನ್‌ಗೆ ಹೊರಟ ಪುಟ್ಟ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಾಣೆಯಾಯಿತು. ಅದರಲ್ಲಿ ಅವರ ಆರು ಆಟಗಾರರಿದ್ದರು. ಮೂರೇ ತಿಂಗಳಲ್ಲಿ ಉಳಿದವರು ವಿಶ್ವವನ್ನು ಗೆದ್ದರು. ಮರುವರ್ಷ ಮಾರ್ಚ್‌ನಲ್ಲಿ, ಲಂಡನ್ನಿನ ಚಾಂಪಿಯನ್‌ಷಿಪ್ಪಿಗೆ ಹೊರಡಬೇಕಿದ್ದ ಅದೇ ತಂಡವನ್ನು ಅವರದೇ ಸರ್ಕಾರ ತಡೆದು, ದೇಶದ್ರೋಹದ ಆರೋಪ ಹೊರಿಸಿ ಜೈಲಿಗೆ ಹಾಕಿತು. ಗೋಲ್‌ಕೀಪರ್ ಬೊಹುಮಿಲ್ ಮೊಡ್ರಿಗೆ 15 ವರ್ಷದ ಸಜೆ. ಹಲವರಿಗೆ ಯುರೇನಿಯಂ ಗಣಿಯ ದುಡಿತ. ಮೊಡ್ರಿ 1963ರಲ್ಲಿ ತೀರಿಕೊಂಡಾಗ ವಯಸ್ಸು 46. ಈ ಸಂಖ್ಯೆಗಳನ್ನು ಓದುವಾಗ ಮನಸ್ಸು ಕುದಿಯುತ್ತದೆ.

ಡೆನ್ಮಾರ್ಕ್ ಮುಂದಿನ ಪಂದ್ಯದಲ್ಲಿ ಆಸ್ಟ್ರಿಯಾಕ್ಕೆ 25–1ರಿಂದ ಸೋತು, ಹತ್ತು ತಂಡಗಳಲ್ಲಿ ಹತ್ತನೆಯದಾಯಿತು. ಆ ಒಂದು ಗೋಲನ್ನು ನಾನು ಚಿಕ್ಕದೆನ್ನಲಾರೆ. ಅಗ್ರ ದರ್ಜೆಗೆ ಅವರು ಮರಳಿದ್ದು 54 ವರ್ಷಗಳ ಮೇಲೆ, 2003ರಲ್ಲಿ. ಆ ಸಲವೇ ಕೆನಡಾ ಜೊತೆ 2–2ರ ಸಮ ಮಾಡಿಕೊಂಡರು. 2022ರಲ್ಲಿ 3–2ರಿಂದ ಗೆದ್ದರು. 2025ರ ಮೇ 22ರಂದು, ತಮ್ಮದೇ ನೆಲದ ಹೆರ್ನಿಂಗ್‌ನಲ್ಲಿ ಕ್ವಾರ್ಟರ್‌ಫೈನಲ್. ಎದುರಿಗೆ ಸಿಡ್ನಿ ಕ್ರಾಸ್ಬಿ, ನೇಥನ್ ಮೆಕಿನನ್‌ರಂಥ ದಿಗ್ಗಜರಿದ್ದ ಕೆನಡಾ. ಕೊನೆಗೆ ಮೂರು ನಿಮಿಷ ಉಳಿದಾಗಲೂ ಡೆನ್ಮಾರ್ಕ್ 0–1ರಿಂದ ಹಿಂದಿತ್ತು. ಅಷ್ಟರೊಳಗೆ ನಿಕೊಲಾಯ್ ಏಲರ್ಸ್ ಒಂದು ಹೊಡೆದ, ಕೊನೆಯ ನಿಮಿಷದಲ್ಲಿ ನಿಕ್ ಓಲೆಸನ್ ಇನ್ನೊಂದು. ಕೆನಡಾ ಮನೆಗೆ ಹೋಯಿತು, ಡೆನ್ಮಾರ್ಕ್ ಸೆಮಿಫೈನಲ್‌ಗೆ.